ಅಟ್ಟದಿಂದ ಇಳಿದ ಗ್ರಾಮಫೋನಿಗೆ ಎಷ್ಟು ಕೊಡಬೇಕು?

ರಾಜಾಜಿನಗರದ ಹಳೆಯ ಮನೆಯೊಂದು ಬಿಲ್ಡರ್ ಕೈಗೆ ಹೋಯಿತೆಂದರೆ ಅಟ್ಟದಲ್ಲಿದ್ದದ್ದೆಲ್ಲ ಹೊರಗೆ ಬರುತ್ತದೆ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ ತೂಕಕ್ಕೆ ಹೋಗುತ್ತವೆ. ಕೀಲಿ ಕೊಡುವ ಗ್ರಾಮಫೋನಿಗೆ ತೂಕದ ಲೆಕ್ಕ ನಡೆಯುವುದಿಲ್ಲ, ಚಿನ್ನದ ಹಾಗೆ ಬೆಳಗಿನ ಪೇಪರಿನಲ್ಲಿ ಅದರ ರೇಟೂ ಬರುವುದಿಲ್ಲ. ಇದರಲ್ಲಿ ದುಡ್ಡು ಹೂಡಬಹುದೇ ಎಂದು ಕೇಳುವವರಿಗೆ ನನ್ನದು ಒಂದೇ ಉತ್ತರ: ಹೂಡಬೇಡಿ, ಖರ್ಚು ಮಾಡಿ. ಮನಸಾರೆ ಖರ್ಚು ಮಾಡಿ.

ಬಸವೇಶ್ವರನಗರದ ನಮ್ಮ ಮನೆಯಲ್ಲಿರುವುದು ಎಚ್‌ಎಂವಿ 102. 1931ರಲ್ಲಿ ಮಾರುಕಟ್ಟೆಗೆ ಬಂದ, ಸೂಟ್‌ಕೇಸಿನ ಹಾಗೆ ಮುಚ್ಚಿ ಕೈಯಲ್ಲಿ ಹಿಡಿದೊಯ್ಯಬಹುದಾದ ಮಾದರಿ. ಇದರ ಹಾರನ್ ಪೆಟ್ಟಿಗೆಯೊಳಗೇ ಅಡಗಿದೆ. ಒಂಬತ್ತು ಸಾವಿರ ಕೊಟ್ಟೆ. ಎಸ್‌ಐಪಿ, ವಿಮೆ, ಆಪತ್ತಿನ ದುಡ್ಡು ಎಲ್ಲ ಬದಿಗಿಟ್ಟ ಮೇಲೆ ಉಳಿಯುವ 'ಸಂತೋಷದ ಬಾಬತ್ತು' ಎಂಬ ಖಾತೆ ನನ್ನ ಲೆಕ್ಕದ ಪುಸ್ತಕದಲ್ಲಿದೆ. ಹಣ ಹೋದದ್ದು ಅದರಿಂದ. ಆಸ್ತಿಯ ಪಟ್ಟಿಯಲ್ಲಿ ಗ್ರಾಮಫೋನನ್ನು ಬರೆದಿಲ್ಲ. ಇಂಥದ್ದೇ ಪೆಟ್ಟಿಗೆ ಮಾರಲು ತಂದರೆ ಎಷ್ಟು ಕೊಡುತ್ತೀರಿ ಎಂದು ಹಳೆ ಸಾಮಾನಿನ ವ್ಯಾಪಾರಿಯೊಬ್ಬರನ್ನು ಕೇಳಿದಾಗ ಅವರು ಹೇಳಿದ್ದು ಅರ್ಧಕ್ಕಿಂತ ಕಡಿಮೆ. ಅವರನ್ನು ದೂರುವಂತಿಲ್ಲ. ಗಿರಾಕಿ ಬರುವವರೆಗೆ ತಿಂಗಳುಗಟ್ಟಲೆ ಅಂಗಡಿಯ ಜಾಗ ತಿನ್ನುವ ಮಾಲು ಅದು. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇಷ್ಟು ಅಂತರವಿರುವ ವಸ್ತುವನ್ನು ಹೂಡಿಕೆ ಎಂದು ಕರೆಯುವುದಾದರೂ ಹೇಗೆ?

ಚಿಕ್ಕಪೇಟೆಯ ಕಡೆ ಭಾನುವಾರದ ಸಂತೆಗೆ ಹೋಗುವವರಿಗೆ ಒಂದು ಮಾತು. ಫಳಫಳ ಹೊಳೆಯುವ ಹಿತ್ತಾಳೆ ಹಾರನ್, ಹೊಸ ಪಾಲಿಶ್ ಹೊಡೆದ ಮರದ ಪೆಟ್ಟಿಗೆ, ಮುಂದೆ ನಾಯಿಯ ಚಿತ್ರ ಇದ್ದರೆ ಮರುಳಾಗಬೇಡಿ. ಒಡೆದ ಸೂಟ್‌ಕೇಸ್ ಗ್ರಾಮಫೋನುಗಳ ಮೋಟರು ಕಿತ್ತು, ಸುತ್ತಲೂ ಹೊಸ ಪೆಟ್ಟಿಗೆ ಕಟ್ಟಿದ ಇಂಥವು ಉತ್ತರ ಭಾರತದಿಂದ ರಾಶಿ ರಾಶಿ ಬರುತ್ತವೆ. ಶೋಕೇಸಿಗೆ ಚೆನ್ನ, ಕಿವಿಗೆ ಅಲ್ಲ. ಮಾಸಿದ ಕರಿ ಪೆಟ್ಟಿಗೆಯ ನಿಜವಾದ 102 ಅದಕ್ಕಿಂತ ಅಗ್ಗಕ್ಕೆ ಸಿಕ್ಕಿದರೂ ಹಾಡುವುದು ಅದೇ.

ಕೊಳ್ಳುವ ಮುಂಚೆ ಕೀಲಿ ಕೊಟ್ಟು ನೋಡಿ. ಹಿಡಿ ಸುಮ್ಮನೆ ತಿರುಗುತ್ತಲೇ ಇದ್ದರೆ ಒಳಗೆ ಸ್ಪ್ರಿಂಗ್ ತುಂಡಾಗಿದೆ. ನಮ್ಮದರಲ್ಲೂ ಅದೇ ಆಗಿತ್ತು, ಬೆಲೆ ಇಳಿದದ್ದೂ ಅದಕ್ಕೇ. ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಯೊಂದರ ಹಿರಿಯ ಮೇಸ್ತ್ರಿ ಸ್ಪ್ರಿಂಗಿನ ಡಬ್ಬಿ ಬಿಚ್ಚಿದಾಗ ದಶಕಗಳ ಗ್ರೀಸು ಟಾರಿನಂತೆ ಕಪ್ಪಾಗಿ ಗಟ್ಟಿಯಾಗಿತ್ತು. ದಪ್ಪ ಕೈಗವಸು ಹಾಕಿ, ಸುರುಳಿಯನ್ನು ಒಂದೊಂದೇ ಸುತ್ತು ಹೊರಗೆ ಬಿಟ್ಟರು. ಜಾರಿದರೆ ಬೆರಳು ಸೀಳುವ ಉಕ್ಕಿನ ಪಟ್ಟಿ ಅದು. ಮುರಿದದ್ದು ನಡುಗಂಬಕ್ಕೆ ಸಿಕ್ಕಿಸುವ ತುದಿಯಲ್ಲಿ. ಅದನ್ನು ಕೆಂಪಗೆ ಕಾಯಿಸಿ, ಮೆದುವಾದ ಮೇಲೆ ಹೊಸ ತೂತು ಹೊಡೆದು, ಸೀಮೆಎಣ್ಣೆಯಲ್ಲಿ ತೊಳೆದು, ಗ್ರಾಫೈಟ್ ಗ್ರೀಸು ಹಚ್ಚಿ ಮತ್ತೆ ಸುತ್ತಿದರು. ಸಾವಿರದ ಇನ್ನೂರು ರೂಪಾಯಿ. ಈ ಹವ್ಯಾಸಕ್ಕೆ ನಾನು ಕೊಟ್ಟ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ. ಪಶ್ಚಿಮ ಬೆಂಗಳೂರಿನಲ್ಲಿ ಇರುವುದರ ದೊಡ್ಡ ಲಾಭವೆಂದರೆ ಇಂಥ ಕೈಗಳು ಆಟೋ ದೂರದಲ್ಲಿ ಸಿಗುವುದು.

ತಿಂಗಳ ಖರ್ಚು ಮುಳ್ಳಿನದು. ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನ ಅರಗಿನಲ್ಲಿ ಖನಿಜದ ಪುಡಿ ಬೆರೆತಿರುತ್ತದೆ. ಉಕ್ಕಿನ ಮುಳ್ಳು ಅದಕ್ಕೆ ಉಜ್ಜಿ ಸವೆಯುತ್ತದೆ. ಸವೆದ ಮುಳ್ಳು ಇನ್ನೊಂದು ಬದಿಯ ಗೆರೆಯನ್ನು ತಿನ್ನುವುದರಿಂದ ಪ್ರತಿ ಬದಿಗೂ ಹೊಸ ಮುಳ್ಳು ಬೇಕು. ಹತ್ತು ಇಂಚಿನ ಪ್ಲೇಟು ಬದಿಗೆ ಸುಮಾರು ಮೂರು ನಿಮಿಷ ಹಾಡುತ್ತದೆ. ಅಂದರೆ ಅರ್ಧ ಗಂಟೆ ಕೇಳಲು ಹತ್ತು ಮುಳ್ಳು, 200 ಮುಳ್ಳಿನ ಡಬ್ಬಿ 20 ಸಂಜೆಗೆ ಖಾಲಿ. ಇಲ್ಲಿ ಉಳಿತಾಯ ಮಾಡಿದರೆ ಮುಳ್ಳಿನ ದುಡ್ಡು ಉಳಿಯುತ್ತದೆ, ಪ್ಲೇಟು ಹೋಗುತ್ತದೆ. ಎಲ್‌ಪಿಯನ್ನಂತೂ ಇದರ ಮೇಲೆ ಇಡಲೇಬೇಡಿ, ಆ ತೋಳಿನ ಭಾರಕ್ಕೆ ಒಂದೇ ಸಲಕ್ಕೆ ಹಾಳಾಗುತ್ತದೆ.

ಸಾಧ್ಯವಾದರೆ ಹೆಚ್ಚು ಹಣವನ್ನು ಯಂತ್ರಕ್ಕಲ್ಲ, ಪ್ಲೇಟಿಗೆ ಕೊಡಿ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಮುಂದೆ ಹಾಡಿ ದೇಶದ ಮೊದಲ ರೆಕಾರ್ಡಿಂಗ್ ತಾರೆಯಾದ ಗೌಹರ್ ಜಾನ್, ಕೊನೆಗೆ 1928ರಲ್ಲಿ ಮೈಸೂರು ಆಸ್ಥಾನಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ಪ್ಲೇಟು ಸಿಕ್ಕಿದರೆ ಸಂಗ್ರಾಹಕರು ಕೇಳಿದಷ್ಟು ಕೊಡುತ್ತಾರೆ. ನಾನು ಕೈ ಬಿಚ್ಚುವುದು ಕಾಳಿಂಗರಾಯರ ಭಾವಗೀತೆಗೆ, ಚೌಡಯ್ಯನವರ ಪಿಟೀಲಿಗೆ, ಹೆಸರೇ ಮರೆತುಹೋದ ನಾಟಕ ಕಂಪನಿ ನಟರ ಕಂದಪದ್ಯಕ್ಕೆ. ಯಂತ್ರ ಇನ್ನೊಂದು ಸಿಕ್ಕೀತು. ಒಡೆದ ಅರಗಿನ ಪ್ಲೇಟಿನೊಳಗಿನ ದನಿ ಇನ್ನೆಲ್ಲೂ ಇಲ್ಲದಿರಬಹುದು.

ತೆರಿಗೆಯ ವಿಚಾರ ಚಿಕ್ಕದು. ಸ್ವಂತ ಬಳಕೆಯ ಇಂಥ ವಸ್ತುವನ್ನು ಮಾರಿದರೆ ಸಾಮಾನ್ಯವಾಗಿ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಒಡವೆ, ವರ್ಣಚಿತ್ರ, ಶಿಲ್ಪಗಳಿಗೆ ಆ ವಿನಾಯಿತಿ ಇಲ್ಲ. ಕೊಂಡು ಮಾರುವುದನ್ನೇ ರೂಢಿ ಮಾಡಿಕೊಂಡರೆ ಅದು ವ್ಯಾಪಾರ, ಆಗ ಲೆಕ್ಕ ಬೇರೆ.

ವಿಜಯನಗರದಲ್ಲೋ ಕೆಂಗೇರಿಯಲ್ಲೋ ನಿಮ್ಮ ಅಟ್ಟದಲ್ಲಿ ಪ್ಲೇಟುಗಳಿದ್ದರೆ ಗುಜರಿಯವನನ್ನು ಕರೆಯುವ ಮುನ್ನ ಅವನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಬಿಸಿಲಿನಿಂದ ದೂರವಿಡಿ. ಬೂಷ್ಟು ಹಿಡಿದಿದ್ದರೆ ಒಣ ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ. ಸ್ಪಿರಿಟ್, ಸ್ಯಾನಿಟೈಸರ್ ತಾಗಿಸಬೇಡಿ. ಬಡಗಿಗಳು ಪಾಲಿಶ್‌ಗೆಂದು ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ. ಪ್ಲೇಟಿನ ಹಾಡೂ ಅದರಲ್ಲೇ ಕರಗುತ್ತದೆ.