ಕಾಡು ಕಾಯುತ್ತ ಸತ್ತ ದಿನಗೂಲಿಯವನ ಮನೆಯವರಿಗೆ ಏನು ಸಿಗಬೇಕು?

ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಬನ್ನಿಮರಗಳಿಗಾಗಿ ಪ್ರಾಣ ಕೊಟ್ಟ ಬಿಷ್ಣೋಯಿಗಳ ನೆನಪು ಅದರ ಹಿಂದಿದೆ. ಕಾಡುಗಳ್ಳ ವೀರಪ್ಪನ್‌ನಿಂದ ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರಿಗೆ ಕೀರ್ತಿ ಚಕ್ರ ಸಂದಿತು; ಸಲ್ಲಬೇಕಾದದ್ದೇ. ಆದರೆ ಕಾಡು ಕಾಯುತ್ತ ಸಾಯುವವರೆಲ್ಲ ಅಧಿಕಾರಿಗಳಲ್ಲ, ಕಾಯಂ ನೌಕರರೂ ಅಲ್ಲ. ಬೇಸಿಗೆಯಲ್ಲಿ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯುವವನು ಬಹಳ ಸಲ ದಿನಗೂಲಿಯ ವಾಚರ್. ಕಾಯಂ ನೌಕರ ತೀರಿಕೊಂಡರೆ ಮನೆಯವರು ಒಂದು ವರ್ಷದೊಳಗೆ ಅನುಕಂಪದ ನೌಕರಿಗೆ ಅರ್ಜಿ ಹಾಕಬಹುದು. ದಿನಗೂಲಿಯವನ ಮನೆಗೆ ಹೂಹಾರ ಬರುತ್ತದೆ, ಒಂದು ಚೆಕ್ಕೂ ಬರಬಹುದು. ಆತನಿಗೆ ಸಲ್ಲಬೇಕಾದ ಮೊದಲ ಗೌರವ ಕಾನೂನುಬದ್ಧ ಪರಿಹಾರ. ಅದು ಯಾರ ದಯೆಯೂ ಅಲ್ಲ.

ಕಾಡ್ಗಿಚ್ಚು ನಂದಿಸುವವರನ್ನು 1923ರ ಪರಿಹಾರ ಕಾಯ್ದೆಯೇ ತನ್ನ ಅನುಸೂಚಿಯಲ್ಲಿ ಹೆಸರಿಸಿತ್ತು. ಅದರ ಜಾಗದಲ್ಲಿ ಈಗ ಸಾಮಾಜಿಕ ಭದ್ರತಾ ಸಂಹಿತೆ, 2020 ಇದೆ. ಜಾರಿಯಾದದ್ದು 2025ರ ನವೆಂಬರ್ 21ರಿಂದ. ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ಗೊತ್ತುಮಾಡಿದ ಗುಣಕದಿಂದ ಗುಣಿಸಬೇಕು. ಮೂವತ್ತರ ಗುಣಕ 207.98, ಕೂಲಿ 12,000 ರೂಪಾಯಿ ಇದ್ದರೆ 12,47,880 ರೂಪಾಯಿ ಆಗುತ್ತದೆ. ‘ಆನೆ ತುಳಿದರೆ ಇಲಾಖೆಯದೇನು ತಪ್ಪು?’ ಎನ್ನುವವರಿದ್ದಾರೆ. ಇಲ್ಲಿ ತಪ್ಪು ಯಾರದೆಂದು ಕಾನೂನು ಕೇಳುವುದೇ ಇಲ್ಲ. ಸತ್ತವನು ಸೂಚನೆ ಮೀರಿದ್ದ ಎಂಬ ವಾದವೂ ಸಾವಿನ ಪ್ರಕರಣದಲ್ಲಿ ನಿಲ್ಲದು. ‘ಅವನು ಗುತ್ತಿಗೆದಾರನ ಆಳು’ ಎಂದರೆ, ಕೆಲಸ ವಹಿಸಿದ ಮೂಲ ಮಾಲೀಕನೂ ಹೊಣೆ; ತೆತ್ತದ್ದನ್ನು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ‘ಆಗಲೇ ಚೆಕ್ ಕೊಟ್ಟಾಗಿದೆ’ ಎಂಬುದು ತುಸು ಗಟ್ಟಿ ಆಕ್ಷೇಪ. ಆದರೆ ಸಾವಿನ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು. ವಾರಸುದಾರರ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರ ಎನಿಸಿಕೊಳ್ಳದು. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕಾಗದಕ್ಕೂ ಬೆಲೆಯಿಲ್ಲ.

ಪರಿಹಾರ ಕೋರಿ ಆ ಪ್ರಾಧಿಕಾರಕ್ಕೆ ಸಲ್ಲಿಸುವ ಅರ್ಜಿಗೆ ಸಾವಿನ ದಿನದಿಂದ ಎರಡು ವರ್ಷದ ಗಡುವು. ತಡಕ್ಕೆ ತಕ್ಕ ಕಾರಣ ತೋರಿಸಿದರೆ ಮನ್ನಿಸಲು ಅವಕಾಶವಿದ್ದರೂ ಅದನ್ನು ನಂಬಿ ಕೂರಬಾರದು. ಪೊಲೀಸ್ ದೂರು, ಮರಣೋತ್ತರ ಪರೀಕ್ಷಾ ವರದಿ, ವಯಸ್ಸಿನ ದಾಖಲೆ ಹೇಗೋ ಸಿಗುತ್ತವೆ. ಕೇಸು ಸೋಲುವುದು ಆತ ಅಂದು ಕೆಲಸದಲ್ಲಿದ್ದನೆಂಬ ಪುರಾವೆ ಇಲ್ಲದಾಗ. ಆದ್ದರಿಂದ ಹಾಜರಿ ಪುಸ್ತಕ, ಕೂಲಿ ಪಾವತಿ ಪಟ್ಟಿಗಳ ನಕಲಿಗೆ ಮಾಹಿತಿ ಹಕ್ಕಿನಡಿ ತಡಮಾಡದೆ ಅರ್ಜಿ ಕೊಡಬೇಕು. ಉತ್ತರಕ್ಕೆ 30 ದಿನಗಳ ಮಿತಿಯಿದೆ. ವಕೀಲರ ಖರ್ಚಿಗೆ ಅಂಜಬೇಕಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತ ನೆರವು ಕೊಡಬೇಕು, ಸಹಾಯವಾಣಿ 15100.