ಒಂದೇ ಸೀರೆ, ಮೂರು ಬಾಗಿಲು

ಆನ್‌ಲೈನ್ ಅಂಗಡಿ ತೆರೆಯಬೇಕೆಂದಿರುವವರು ಮೊದಲು ಕೇಳುವುದು ವೆಬ್‌ಸೈಟಿನ ಖರ್ಚನ್ನು. ನಮ್ಮ ಮನೆಯ ಇಳಕಲ್ ಸೀರೆ ವ್ಯಾಪಾರಕ್ಕೆ ಅಂಥದ್ದೊಂದು ಅಂಗಡಿ ಕಟ್ಟಿದ ಮೇಲೆ ನಾನು ಅವರಿಗೆ ಹೇಳುವುದು ಇಷ್ಟು: ಸ್ಟಾಕಿನ ಲೆಕ್ಕ ಎಲ್ಲಿರುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ. ದುಡ್ಡು ಉಳಿಯುವುದೂ ಸೋರುವುದೂ ಅಲ್ಲೇ.

ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಅದೇ ಬಣ್ಣ, ಅದೇ ದಡಿಯ ಇನ್ನೊಂದು ಬೇಕೆಂದರೆ ಮಗ್ಗದ ಸರದಿ ಕಾಯಬೇಕು. ಹೀಗಾಗಿ ನಮ್ಮಲ್ಲಿ ಬಹುಪಾಲು ಸೀರೆಗಳು ಒಂದೊಂದೇ ಇರುತ್ತವೆ. ಆ ಒಂದನ್ನೇ ಅಂಗಡಿಯಲ್ಲೂ ತೋರಿಸಬೇಕು, ವಾಟ್ಸಾಪಿನಲ್ಲೂ ತೋರಿಸಬೇಕು. ಮೂರನೆಯದಾಗಿ ವೆಬ್‌ಸೈಟಿನ ಮಾತು ಬಂದಾಗ ನಮ್ಮ ವೈನಿ (ಅತ್ತಿಗೆ) ಕೇಳಿದರು: "ಇಲ್ಲಿ ಮಾರಿದ್ದು ಅಲ್ಲಿ ಇನ್ನೂ ಮಾರಾಟಕ್ಕ ಕುಂತಿದ್ರ ಗಿರಾಕಿಗೆ ಏನ್ ಹೇಳೂದು?"

ಈ ಪ್ರಶ್ನೆಗೆ ಉತ್ತರ ಕೊಡುವುದೇ 'ಹೆಡ್‌ಲೆಸ್' ಪದ್ಧತಿ. ಬೆಲೆ, ಸ್ಟಾಕ್, ಆರ್ಡರ್ ಎಲ್ಲವೂ ಒಂದು ಸರ್ವರ್‌ನಲ್ಲಿರುತ್ತವೆ. ಗಿರಾಕಿ ನೋಡುವ ಪುಟವೇ ಬೇರೆ. ಅದು ಎಪಿಐ ಮೂಲಕ ಸರ್ವರನ್ನು ಕೇಳಿ ಸೀರೆ ತೋರಿಸುತ್ತದೆ. ಅಂಗಡಿಯಲ್ಲಿ ಸೀರೆ ಹೋದರೂ, ವಾಟ್ಸಾಪಿನಲ್ಲಿ ಹೋದರೂ ಅದೇ ಸರ್ವರ್‌ನಲ್ಲಿ ನಮೂದಾಗುತ್ತದೆ. ಮೆಡೂಸಾ, ಸೇಲಿಯರ್, ವೆಂಡ್ಯೂರ್ ಈ ಬಗೆಯ ಮುಕ್ತ ತಂತ್ರಾಂಶಗಳು. ನಾವು ಆರಿಸಿಕೊಂಡದ್ದು ಮೆಡೂಸಾ. ಅದಕ್ಕೆ ಲೈಸೆನ್ಸ್ ಶುಲ್ಕವಿಲ್ಲ, ಡೇಟಾ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ನಮ್ಮ ಕೈಯಲ್ಲೇ ಉಳಿಯುತ್ತದೆ, ಮುಂಭಾಗಕ್ಕೆ ನೆಕ್ಸ್ಟ್ ಜೆಎಸ್‌ನ ಸಿದ್ಧ ಮಾದರಿಯೂ ಸಿಗುತ್ತದೆ.

ಮುಂಭಾಗ ಕಟ್ಟುವಾಗ ಮೂರು ಕೆಲಸಗಳನ್ನು ಡೆವಲಪರ್ ಜೊತೆ ಕೂತು ನೋಡಿ. ಒಂದು, ಭಾರತದ 'ರೀಜನ್' ಮಾಡಿ ಕರೆನ್ಸಿಯನ್ನು ರೂಪಾಯಿಗೆ ಇಡಬೇಕು. ಎರಡು, ನಿಮ್ಮ ಅಂಗಡಿಯ ವೆಬ್ ವಿಳಾಸದಿಂದ ಬರುವ ಕೋರಿಕೆಗೆ ಸರ್ವರ್‌ನಲ್ಲಿ ಅನುಮತಿ ಕೊಡಬೇಕು. ಮೂರನೆಯದು ನೇರವಾಗಿ ದುಡ್ಡಿಗೆ ಸೇರಿದ್ದು. ಗಿರಾಕಿ ಯುಪಿಐ ಆ್ಯಪಿನಲ್ಲಿ ಹಣ ಕೊಟ್ಟು, ಮತ್ತೆ ನಮ್ಮ ಪುಟಕ್ಕೆ ಬರದೇ ಫೋನ್ ಇಟ್ಟುಬಿಡಬಹುದು. ಆಗ ಹಣ ಬಂದ ಸುದ್ದಿಯನ್ನು ಪೇಮೆಂಟ್ ಗೇಟ್‌ವೇ ನೇರವಾಗಿ ಸರ್ವರ್‌ಗೆ ಮುಟ್ಟಿಸಬೇಕು. ಇದೇ ವೆಬ್‌ಹುಕ್. ಇದಿಲ್ಲದಿದ್ದರೆ ಹಣ ಬಂದಿದ್ದರೂ ಆರ್ಡರ್ ದಾಖಲಾಗಿರುವುದಿಲ್ಲ.

ಇನ್ನು ಖರ್ಚು. ಅದನ್ನು ತಿಂಗಳ ಲೆಕ್ಕದಲ್ಲಿ ನೋಡಿದರೆ ಸಾಲದು, ಒಂದೊಂದು ಆರ್ಡರಿಗೆ ಎಷ್ಟು ಬೀಳುತ್ತದೆ ಎಂದು ನೋಡಬೇಕು. ಸರ್ವರ್, ಬ್ಯಾಕಪ್, ಡೊಮೇನ್ ಸೇರಿ ತಿಂಗಳಿಗೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. 20 ಆರ್ಡರ್ ಬಂದರೆ ಒಂದಕ್ಕೆ 100 ರೂಪಾಯಿ, 100 ಬಂದರೆ 20 ರೂಪಾಯಿ. ಇದರ ಮೇಲೆ ಗೇಟ್‌ವೇ ಶುಲ್ಕ. 3,000 ರೂಪಾಯಿಯ ಸೀರೆಗೆ ಕಾರ್ಡ್ ಪಾವತಿಯಲ್ಲಿ ಶೇ 2ರಂತೆ 60 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 70 ರೂಪಾಯಿ 80 ಪೈಸೆ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಪಾವತಿಗೆ 2020ರ ಜನವರಿಯಿಂದ ಎಂಡಿಆರ್, ಅಂದರೆ ವ್ಯಾಪಾರಿಯಿಂದ ಕಡಿಯುವ ಪಾವತಿ ಶುಲ್ಕ, ಇಲ್ಲ. ಆದರೂ ಗೇಟ್‌ವೇ ಬೇರೆ ಸೇವಾಶುಲ್ಕ ಹಾಕಿದೆಯೇ ಎಂದು ಒಪ್ಪಂದ ಓದಿ ಖಚಿತಪಡಿಸಿಕೊಳ್ಳಿ. ಕ್ಯಾಶ್ ಆನ್ ಡೆಲಿವರಿಯಲ್ಲಿ ಗಿರಾಕಿ ಬೇಡವೆಂದರೆ ಕೊರಿಯರ್ ಹೋಗಿಬರುವ ಖರ್ಚೆಲ್ಲ ನಮ್ಮದೇ. ಅಷ್ಟು ದಿನ ಆ ಒಂದೇ ಸೀರೆ ಬೇರೆಯವರಿಗೂ ಸಿಗುವುದಿಲ್ಲ. ಆದ್ದರಿಂದ ನಾವು ಆ ಸೌಲಭ್ಯ ಇಟ್ಟಿಲ್ಲ.

ದುಡ್ಡು ಬೇಡದ, ಆದರೆ ಬಿಡಲಾಗದ ಕೆಲಸವೊಂದಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ವ್ಯಾಪಾರದ ಹೆಸರು, ವಿಳಾಸ, ದೂರು ಕೇಳುವವರ ಹೆಸರು ಸೈಟಿನಲ್ಲಿರಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಒಂದೇ ಕಡೆ ಮಾರುವವರಿಗೆ, ಒಂದೇ ಬಗೆಯ ಸರಕು ಬೇಕಾದಷ್ಟಿರುವವರಿಗೆ ಈ ಹೆಡ್‌ಲೆಸ್ ಪದ್ಧತಿ ಬೇಡ. ತಿಂಗಳ ಬಾಡಿಗೆಯ ಸಿದ್ಧ ಆನ್‌ಲೈನ್ ಅಂಗಡಿಯೇ ಅಗ್ಗ. ಡೆವಲಪರ್ ಕೂಲಿಯೂ ಉಳಿಯುತ್ತದೆ. ಒಂದಕ್ಕಿಂತ ಹೆಚ್ಚು ಕಡೆ ಮಾರುವವರು ಮಾತ್ರ ಮೊದಲ ದುಡ್ಡನ್ನು ಸರ್ವರ್‌ಗೆ, ಬ್ಯಾಕಪ್‌ಗೆ ಹಾಕಲಿ. ಮುಂಭಾಗ ಸಿದ್ಧ ಮಾದರಿಯದೇ ಇರಲಿ. ಸ್ಟಾಕ್, ಆರ್ಡರ್ ಮುಟ್ಟದೆ ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಅಲಂಕಾರಕ್ಕೆಂದು ತೆಗೆದಿಟ್ಟ ಹಣ ನೇಕಾರರಿಗೆ ಮುಂಗಡವಾಗಿ ಹೋಗಲಿ. ಮಾರಲು ಮುಂದಿನ ಸೀರೆ ಬರುವುದು ಮಗ್ಗದಿಂದಲೇ.