ಇಂದಿನ ಧಮ್ಮ ಚಿಂತನೆ: ಮಕ್ಕಳಿಗೆ ನೋವಿನ ಪಾಠ



ಶ್ರಾವಸ್ತಿಗೂ ಜೇತವನಕ್ಕೂ ನಡುವೆ ಕೆಲವು ಹುಡುಗರು ಮೀನು ಹಿಡಿದು ಹಿಂಸಿಸುತ್ತಿದ್ದರು. ಆ ದಾರಿಯಲ್ಲಿ ಬಂದ ತಥಾಗತರು ಗದರಲಿಲ್ಲ. ನಿಮಗೆ ನೋವೆಂದರೆ ಭಯವೇ, ನೋವು ನಿಮಗೆ ಬೇಡವೇ ಎಂದು ಕೇಳಿದರು. ಹೌದು ಎಂದರು ಮಕ್ಕಳು. 'ಉದಾನ'ದ ಈ ಪ್ರಸಂಗದಲ್ಲಿ ಬುದ್ಧರ ಪ್ರಶ್ನೆ ಮೀನಿನ ಬಗ್ಗೆ ಅಲ್ಲವೇ ಅಲ್ಲ, ಮಕ್ಕಳ ಬಗ್ಗೆ.

ನಮ್ಮ ಭಾನುವಾರದ ತರಗತಿಯಲ್ಲಿ ನಾವು ಇದನ್ನು ತಲೆಕೆಳಗು ಮಾಡುತ್ತಿದ್ದೆವು. ಬಾಲಕ ಭೀಮರಾವ್ ಮನೆಯಿಂದ ಗೋಣಿತಟ್ಟು ಒಯ್ದು ಶಾಲೆಯಲ್ಲಿ ಕೂತದ್ದು, ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರಿಲ್ಲದೆ ಇದ್ದದ್ದು ಹೇಳಿದರೆ ಮಕ್ಕಳು "ಪಾಪ" ಅನ್ನುತ್ತಿದ್ದರು, ಅಷ್ಟೇ.

ಕಳೆದ ವಾರ ಮೊದಲು ಅವರನ್ನೇ ಕೇಳಿದೆ: ನಿಮ್ಮನ್ನು ಆಟಕ್ಕೆ ಸೇರಿಸದಿದ್ದಾಗ ಏನನ್ನಿಸಿತು? ಎಲ್ಲರೂ "ಬೇಜಾರು" ಅಂದರು. (ಈ ಒಂದು ಪದದೊಳಗೆ ನಾವು ಎಷ್ಟನ್ನು ತುರುಕುತ್ತೇವೆ!) ಬಿಡಿಸಿ ಹೇಳಿ ಅಂದಾಗ ಒಬ್ಬ ಸಿಟ್ಟು ಅಂದ, ಒಬ್ಬಳು ನಾಚಿಕೆ ಅಂದಳು. ತಪ್ಪು ಮಾಡದೆ ಯಾಕಮ್ಮ ನಾಚಿಕೆ? ಅವಳಿಗೆ ತಿಳಿಯಲಿಲ್ಲ. ಅದಕ್ಕೆ ಅವಮಾನ ಅನ್ನುತ್ತಾರೆ ಎಂದೆ.

ಆಮೇಲೆ ಗೋಣಿತಟ್ಟಿನ ಕಥೆ ಹೇಳಿದೆ. ಯಾರೂ ಪಾಪ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅದೇ ಹುಡುಗಿ, "ಕಟ್ಟಡದ ಶೆಡ್‌ನಲ್ಲಿರೋ ಹುಡುಗನ್ನ ನಾವೂ ಆಟಕ್ಕೆ ಸೇರಿಸಲ್ಲ ಸರ್" ಅಂದಳು.

ಭವತು ಸಬ್ಬ ಮಂಗಲಂ